ಥಿಯೊಡೋರ್ ರೂಸ್‌ವೆಲ್ಟ್: ನ್ಯೂಯಾರ್ಕ್ ನಗರ ಪೊಲೀಸ್ ಮಂಡಳಿಯ ಅಧ್ಯಕ್ಷರಾಗಿ

ಅಮೆರಿಕ ಸಂಯುಕ್ತ ಸಂಸ್ಥಾನದ 26ನೇ ರಾಷ್ಟ್ರಾಧ್ಯಕ್ಷರಾಗಿದ್ದ ಥಿಯೊಡೋರ್ ರೂಸ್‌ವೆಲ್ಟ್ ಅವರು ಅದಕ್ಕೂ ಮುನ್ನ ಎರಡು ವರ್ಷ ನ್ಯೂಯಾರ್ಕ್ ನಗರದ ಪೊಲೀಸ್ ಆಡಳಿತವನ್ನು ನಿರ್ವಹಿಸಿದ್ದರು. ನಮ್ಮ ರಾಜ್ಯದಲ್ಲಿ ನಗರ ಪೊಲೀಸ್ ಆಯುಕ್ತರು ರಾಜ್ಯ ಸರ್ಕಾರದ ಅಧೀನರೇ ಹೊರತು ಮಹಾನಗರ ಪಾಲಿಕೆಯ ಅಧೀನರಲ್ಲ. ನ್ಯೂಯಾರ್ಕಿನ ಪೊಲೀಸ್ ದಳವಾದರೋ ನಗರಾಡಳಿತದ ಅಂಗವಾಗಿದ್ದು, ಮೇಯರ್ ನೇಮಿಸುವ ನಾಲ್ವರು ಆಯುಕ್ತರ ಮಂಡಳಿಯು ಅದನ್ನು ನಡೆಸುತ್ತಿತ್ತು. ಚುನಾವಣೆಯ ಏರ್ಪಾಡೂ ಇದೇ ಮಂಡಳಿಯ ಕರ್ತವ್ಯಗಳಲ್ಲಿ ಸೇರಿತ್ತು.

ಶ್ರೀಯುತರು 27 ಅಕ್ಟೋಬರ್ 1858ರಂದು ಅದೇ ನಗರದಲ್ಲಿ ಜನಿಸಿದರು. ಬಾಲ್ಯದಲ್ಲಿ ಉಬ್ಬಸದಿಂದ ಬಳಲಿದರು. 1880ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಿಂದ ಪದವಿ ಪಡೆದು, ನ್ಯೂಯಾರ್ಕ್ ರಾಜ್ಯದ ಶಾಸಕರಾಗಿ, ತರುವಾಯ 1889ರಿಂದ ಕೇಂದ್ರದ ನಾಗರಿಕ ಸೇವಾ ಆಯೋಗದ ಸದಸ್ಯರಾಗಿ ಸೇವೆ ಸಲ್ಲಿಸಿದರು.

1894ರಲ್ಲಿ ರಾಜ್ಯ ಸೆನೆಟ್ಟಿನ ಲೆಕ್ಸೋ ಸಮಿತಿಯು ನಡೆಸಿದ ವಿಚಾರಣೆಯಲ್ಲಿ ಪೊಲೀಸ್ ಹುದ್ದೆಗಳು ಹಣಕ್ಕೆ ಮಾರಾಟವಾಗುತ್ತಿದ್ದ ಸಂಗತಿ ಬಹಿರಂಗವಾಯಿತು. ಕ್ಯಾಪ್ಟನ್ ಒಬ್ಬರು ತಮ್ಮ ಬಡ್ತಿಗಾಗಿ 15,000 ಡಾಲರ್ ತೆತ್ತುದಾಗಿ ಒಪ್ಪಿಕೊಂಡರು. ಹೀಗೆ ಹೂಡಿದ ಹಣವನ್ನು ಬಡ್ಡಿಸಹಿತ ಸಾರ್ವಜನಿಕರಿಂದಲೇ ವಸೂಲು ಮಾಡಲಾಗುತ್ತಿತ್ತೆಂಬುದನ್ನು ತಿಳಿಯಲು ಲೆಕ್ಕಶಾಸ್ತ್ರದ ಪರಿಣತಿ ಬೇಕಿಲ್ಲ.

ಮೇ 1895ರಲ್ಲಿ ಮೇಯರ್ ವಿಲಿಯಂ ಸ್ಟ್ರಾಂಗ್ ಅವರು ರೂಸ್‌ವೆಲ್ಟ್ ಅವರನ್ನು ಆಯುಕ್ತರನ್ನಾಗಿ ನೇಮಿಸಿದರು. ಮಂಡಳಿಯು ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಿತು. ಪೊಲೀಸ್ ಮುಖ್ಯಸ್ಥ ಥಾಮಸ್ ಬರ್ನ್ಸ್ ಅದೇ ತಿಂಗಳು ಹುದ್ದೆ ತೊರೆಯಬೇಕಾಯಿತು. ನೂತನ ಅಧ್ಯಕ್ಷರು ಪತ್ರಕರ್ತ ಜೇಕಬ್ ರೀಸ್ ಅವರೊಡಗೂಡಿ ನಡುರಾತ್ರಿ ಬೀದಿ ಬೀದಿ ಸುತ್ತಿ, ಗಸ್ತಿನಲ್ಲಿರಬೇಕಾದ ಪೇದೆಗಳು ನಿದ್ರಿಸುತ್ತಿರುವುದನ್ನೂ ಸ್ಥಳದಲ್ಲೇ ಇಲ್ಲದಿರುವುದನ್ನೂ ಪತ್ತೆಹಚ್ಚಿದರು. ಶಿಫಾರಸು ಪತ್ರಗಳನ್ನು ಬದಿಗೊತ್ತಿ ಪರೀಕ್ಷೆ ಹಾಗೂ ಅರ್ಹತೆಯ ಮೇಲೆ ನೇಮಕಾತಿಗೆ ಒತ್ತು ನೀಡಿದರು. ಸೈಕಲ್ ದಳವನ್ನೂ ಪಿಸ್ತೂಲು ತರಬೇತಿಯನ್ನೂ ಆರಂಭಿಸಲಾಯಿತು.

ನಿಜವಾದ ಸತ್ವಪರೀಕ್ಷೆ ಎದುರಾದುದು ಭಾನುವಾರದ ಮದ್ಯ ಮಾರಾಟ ನಿಷೇಧದ ವಿಷಯದಲ್ಲಿ. ಕಾನೂನು ರಾಜ್ಯದ್ದು, ಜಾರಿ ನಗರ ಪೊಲೀಸರದ್ದು. ಲಂಚ ಕೊಟ್ಟ ಅಂಗಡಿ ತೆರೆದಿರುತ್ತಿತ್ತು, ಕೊಡದವನ ಅಂಗಡಿಗೆ ಬೀಗ ಬೀಳುತ್ತಿತ್ತು. ರೂಸ್‌ವೆಲ್ಟ್ ಸ್ವತಃ ಪಾನನಿಷೇಧವಾದಿಯಲ್ಲ; ಆದರೆ ಜಾರಿಯಲ್ಲಿರುವ ಕಾಯ್ದೆಯನ್ನು ಬೇಕಾದವರಿಗೆ ಸಡಿಲಿಸುವ ಅಧಿಕಾರ ಪೊಲೀಸರಿಗಿಲ್ಲವೆಂದು ನಿರ್ಧರಿಸಿ ಎಲ್ಲ ಅಂಗಡಿಗಳನ್ನೂ ಮುಚ್ಚಿಸಿದರು. ವಾರಕ್ಕೊಂದೇ ರಜೆಯಿದ್ದ ಕಾರ್ಮಿಕರು, ವಿಶೇಷವಾಗಿ ಜರ್ಮನ್ ಮೂಲದವರು, ಕೆರಳಿದರು. ಅವರ ಅಸಮಾಧಾನ ಅಕಾರಣವಾದುದೆನ್ನಲಾಗದು. 1895ರ ನವೆಂಬರ್ ಚುನಾವಣೆಯಲ್ಲಿ ನಗರದಲ್ಲಿ ಅವರ ಪಕ್ಷ ಸೋಲುಂಡಿತು. 1896ರ ರೇನ್ಸ್ ಕಾಯ್ದೆಯು ಭಾನುವಾರ ಊಟದೊಡನೆ ಮದ್ಯ ನೀಡಲು ಹೋಟೆಲುಗಳಿಗೆ ಅವಕಾಶ ಕಲ್ಪಿಸಿದ ಕೂಡಲೇ ಮದ್ಯದಂಗಡಿಗಳು ಹತ್ತು ಕೋಣೆ ಕಟ್ಟಿಕೊಂಡು ಹೋಟೆಲುಗಳಾದವು!

ಅದೇ ವರ್ಷದ ಆಗಸ್ಟ್‌ನ ತೀವ್ರ ಬಿಸಿಲಿನಲ್ಲಿ ಪೊಲೀಸ್ ಠಾಣೆಗಳ ಮೂಲಕ ಬಡವರಿಗೆ ಉಚಿತ ಮಂಜುಗಡ್ಡೆ ವಿತರಣೆಯನ್ನು ಅವರು ಖುದ್ದು ನೋಡಿಕೊಂಡರು.

ಸಹ ಆಯುಕ್ತ ಆಂಡ್ರ್ಯೂ ಪಾರ್ಕರ್ ಅವರೊಂದಿಗಿನ ಭಿನ್ನಾಭಿಪ್ರಾಯದಿಂದ ಬಡ್ತಿಯ ಕಡತಗಳು ನನೆಗುದಿಗೆ ಬಿದ್ದವು. ಏಪ್ರಿಲ್ 1897ರಲ್ಲಿ ನೌಕಾಪಡೆಯ ಸಹಾಯಕ ಕಾರ್ಯದರ್ಶಿಯಾಗಿ ಅವರು ತೆರಳಿದರು. 1901ರಲ್ಲಿ ನಾಲ್ವರ ಮಂಡಳಿಯನ್ನು ರದ್ದುಪಡಿಸಿ ಒಬ್ಬರೇ ಆಯುಕ್ತರ ಪದ್ಧತಿಯನ್ನು ಜಾರಿಗೆ ತರಲಾಯಿತು. ಅದೇ ವರ್ಷ ರಾಷ್ಟ್ರಾಧ್ಯಕ್ಷರಾದ ಶ್ರೀಯುತರು 6 ಜನವರಿ 1919ರಂದು ನಿಧನ ಹೊಂದಿದರು.