ಪಂಡಿತಾ ರಮಾಬಾಯಿ

ಕ್ರಿಸ್ತನನ್ನು ನಂಬಿದವರು ಯಾವುದಾದರೊಂದು ಸಭೆಗೆ ಸೇರಿರಲೇಬೇಕೆ? ಪಂಡಿತಾ ರಮಾಬಾಯಿಯವರ ಜೀವನವು ಈ ಪ್ರಶ್ನೆಗೆ ಉತ್ತರ ಕೊಡುವಂತೆ ನನಗೆ ತೋರುತ್ತದೆ.

1858ರಲ್ಲಿ ಕನ್ನಡ ನಾಡಿನ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಜನಿಸಿದ ಈಕೆ ತಾಯಿಯಿಂದ ಸಂಸ್ಕೃತ ಕಲಿತರು. ಕ್ಷಾಮದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡರು. 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಮೆಚ್ಚಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. ಮದುವೆಯಾದ ಎರಡು ವರ್ಷಗಳೊಳಗೆ ವಿಧವೆಯಾದರು.

1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ಮಗಳೊಡನೆ ದೀಕ್ಷಾಸ್ನಾನ ಪಡೆದರು. ಆದರೆ ಪಾದ್ರಿಗಳ ಮಾತೇ ಕಡೆಯ ಮಾತೆಂದು ಒಪ್ಪಲಿಲ್ಲ. ಬೈಬಲನ್ನು ತಾವೇ ಓದಿ, ಅಂತಃಸಾಕ್ಷಿಗೆ ಸರಿಕಂಡುದನ್ನೇ ಹಿಡಿದರು. ಸಸ್ಯಾಹಾರವನ್ನೂ ಬಿಡಲಿಲ್ಲ. ಅಲ್ಲಿನ ಸನ್ಯಾಸಿನಿಯರಿಗೆ ಇದು ಅಹಂಕಾರವಾಗಿ ಕಂಡಿತು. ಇತ್ತ ಪುಣೆಯ ಸನಾತನಿಗಳು ಮತ ಬಿಟ್ಟವಳೆಂದು ಜರೆದರು. ಇತ್ತಂಡದವರ ನಿಷ್ಠುರವನ್ನೂ ಅವರು ಹೊತ್ತರು.

ಆದರೂ ಒಂಟಿಯಾಗಿ ಉಳಿಯಲಿಲ್ಲ. 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನೂ ಮುಂದೆ ಕೇಡಗಾಂವಿನಲ್ಲಿ ಮುಕ್ತಿ ಸದನವನ್ನೂ ಸ್ಥಾಪಿಸಿ, ವಿಧವೆಯರೊಡನೆ, ಕ್ಷಾಮಕ್ಕೆ ಸಿಕ್ಕಿದ ಹೆಣ್ಣುಮಕ್ಕಳೊಡನೆ ಕೂಡಿ ಪ್ರಾರ್ಥಿಸಿದರು, ಕೂಡಿ ದುಡಿದರು. 1922ರಲ್ಲಿ ಅಲ್ಲಿಯೇ ಕಾಲವಾದರು.

ನಮ್ಮ ಕೊಕ್ಕರೆ ಬೆಳ್ಳೂರಿಗೆ ಬರುವ ಹಕ್ಕಿಗಳು ತಮಗೊಪ್ಪಿದ ಮರವನ್ನು ತಾವೇ ಆರಿಸಿಕೊಳ್ಳುತ್ತವೆ. ಆದರೆ ಒಂಟಿಯಾಗಿ ಗೂಡು ಕಟ್ಟವು. ಶ್ರದ್ಧೆಗೆ ಪಂಗಡದ ಮುದ್ರೆ ಬೇಕಿಲ್ಲ, ಜೊತೆಗಾರರು ಬೇಕು ಎಂದು ನಾನು ತಿಳಿಯುತ್ತೇನೆ.