ಚಿನ್ನಸ್ವಾಮಿ ಎಷ್ಟು ರನ್ ಹೊಡೆದಿದ್ದರು?

ಹೋದ ವರ್ಷದ ಒಂದು ಸಂದರ್ಶನ ಇನ್ನೂ ನೆನಪಿನಲ್ಲಿದೆ. ಬೆಳಿಗ್ಗೆ ಆರಕ್ಕೆ ಸೂಲಿಬೆಲೆ ಬಿಟ್ಟು, ಹೊಸಕೋಟೆಯಲ್ಲಿ ಬಸ್ ಬದಲಿಸಿ, ಕೆ.ಆರ್. ಪುರದಲ್ಲಿ ಮೆಟ್ರೊ ಹಿಡಿದು ಹೋಗಿದ್ದೆ. ರೆಸ್ಯೂಮೆಯಲ್ಲಿ ಹವ್ಯಾಸ ಎಂಬ ಕಡೆ ಕ್ರಿಕೆಟ್ ಅಂತ ಬರೆದು, ಊರಿನ ತಂಡದ ಕ್ಯಾಪ್ಟನ್ ಅಂತಲೂ ಸೇರಿಸಿದ್ದೆ. ಎದುರು ಕೂತಿದ್ದ ಮೂವರಲ್ಲಿ ವಯಸ್ಸಾದವರೊಬ್ಬರು ಅದನ್ನು ಓದಿ, ಬರುವಾಗ ಚಿನ್ನಸ್ವಾಮಿ ಕ್ರೀಡಾಂಗಣ ನೋಡಿರಬೇಕಲ್ಲ, ಆ ಚಿನ್ನಸ್ವಾಮಿ ಯಾರು ಎಂದು ಕೇಳಿದರು. ಹಳೆಯ ಆಟಗಾರರು ಸರ್ ಅಂದೆ. ಹಾಗಾದರೆ ಎಷ್ಟು ರನ್ ಹೊಡೆದಿದ್ದರು ಅಂದರು. ನಾನು ಮೇಜು ನೋಡುತ್ತ ಕೂತೆ. ಅವರು ನಕ್ಕು ಮುಂದಿನ ಪ್ರಶ್ನೆಗೆ ಹೋದರು. ಕೆಲಸ ಸಿಗಲಿಲ್ಲ. ಅದಕ್ಕೆ ಇದೊಂದೇ ಕಾರಣ ಅನ್ನಲಾರೆ, ಎಕ್ಸೆಲ್ ಬಗ್ಗೆ ಕೇಳಿದ್ದಕ್ಕೂ ತಡವರಿಸಿದ್ದೆ. ಆದರೆ ವಾಪಸ್ ಬರುವಾಗ ಬಸ್ಸಿನಲ್ಲಿ ತಲೆ ತಿಂದದ್ದು ಎಕ್ಸೆಲ್ ಅಲ್ಲ.

ಎಂ. ಚಿನ್ನಸ್ವಾಮಿ ಹೆಸರು ಮಾಡಿದ್ದು ರನ್ ಹೊಡೆದಲ್ಲ. ಅವರು ವಕೀಲರು. ಮಂಡ್ಯದಲ್ಲಿ 1900ರಲ್ಲಿ ಹುಟ್ಟಿದವರು. ಹಾಗಾಗಿ ಅವರ ವಯಸ್ಸಿನ ಲೆಕ್ಕ ಹಾಕುವುದು ಸುಲಭ, ಇಸವಿಯ ಕೊನೆಯ ಎರಡು ಅಂಕಿ ನೋಡಿದರೆ ಸಾಕು. 1953ರಲ್ಲಿ, ಅಂದರೆ 53ನೇ ವಯಸ್ಸಿನಲ್ಲಿ, ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆಯ ಕಾರ್ಯದರ್ಶಿಯಾದರು. 78ರವರೆಗೆ ಅದೇ ಹುದ್ದೆ. ಆಮೇಲೆ 1990ರವರೆಗೆ ಅಧ್ಯಕ್ಷರು. ನಮ್ಮಲ್ಲಿ ಐವತ್ತು ದಾಟಿದವರು ರಿಟೈರ್‌ಮೆಂಟ್ ಲೆಕ್ಕ ಹಾಕುತ್ತಾರೆ. ಇವರ ಕೆಲಸ ಶುರುವಾದದ್ದೇ ಆಗ.

ಅವರ ಕೈಗೆ ಬಂದ ತಂಡ ಎಂಥದ್ದು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ ನಡೆದದ್ದು 1934ರ ನವೆಂಬರ್ 4ರಂದು ಮದ್ರಾಸಿನ ಚೆಪಾಕ್‌ನಲ್ಲಿ. ಆಡಿದ್ದು ಮದ್ರಾಸ್ ಮತ್ತು ನಮ್ಮ ಮೈಸೂರು. ಮೈಸೂರು ಮೊದಲ ಇನಿಂಗ್ಸ್‌ನಲ್ಲಿ 48, ಎರಡನೆಯದರಲ್ಲಿ 59. ಮದ್ರಾಸ್ ಹೊಡೆದದ್ದು ಬರೀ 130, ಆದರೂ ಇನಿಂಗ್ಸ್ ಮತ್ತು 23 ರನ್‌ಗಳ ಗೆಲುವು. ದಿನಗಟ್ಟಲೆ ನಡೆಯಬೇಕಾದ ಪಂದ್ಯ ಒಂದೇ ದಿನದಲ್ಲಿ ಮುಗಿಯಿತು. ಎ.ಜಿ. ರಾಮ್ ಸಿಂಗ್ ಒಬ್ಬರೇ 11 ವಿಕೆಟ್ ಕಿತ್ತರು. ಇದನ್ನು ಓದಿದಾಗ ನಮ್ಮ ಊರಿನ ತಂಡ 31ಕ್ಕೆ ಆಲೌಟ್ ಆದದ್ದು ನೆನಪಾಗಿ ಒಂಥರಾ ಸಮಾಧಾನವಾಯಿತು.

ಆಮೇಲೆ ತಂಡ ಸುಧಾರಿಸಲಿಲ್ಲ ಎಂದಲ್ಲ. 1941-42ರಲ್ಲಿ ಫೈನಲ್ ತಲುಪಿತು, 1959-60ರಲ್ಲಿ ಮತ್ತೊಮ್ಮೆ. ಎರಡು ಸಲವೂ ಎದುರಿಗಿದ್ದದ್ದು ಬಾಂಬೆ, ಎರಡು ಸಲವೂ ಸೋಲು. ಆ ಕಾಲದ ಬಾಂಬೆ ಎಂದರೆ 1958-59ರಿಂದ 1972-73ರವರೆಗೆ ಸತತ 15 ವರ್ಷ ರಣಜಿ ಗೆದ್ದ ತಂಡ. ಆ ಗೆಲುವಿನ ಸರಣಿ ಶುರುವಾದಾಗ ಹುಟ್ಟಿದ ಮಗು ಅದು ನಿಲ್ಲುವ ಹೊತ್ತಿಗೆ ಎಸ್ಸೆಸ್ಸೆಲ್ಸಿಗೆ ಬಂದಿರುತ್ತದೆ.

ಮೈಸೂರಿನವರ ಬಳಿ ಆಗ ಸ್ವಂತ ಕ್ರೀಡಾಂಗಣವೂ ಇರಲಿಲ್ಲ. ಬೆಂಗಳೂರಿನ ದೊಡ್ಡ ಪಂದ್ಯಗಳು ಸೆಂಟ್ರಲ್ ಕಾಲೇಜಿನ ಮೈದಾನದಲ್ಲಿ ನಡೆಯುತ್ತಿದ್ದವು. ಕ್ರಿಕೆಟ್ ಹೊಟ್ಟೆ ತುಂಬಿಸುವ ಉದ್ಯೋಗವೂ ಆಗಿರಲಿಲ್ಲ. ಎರಪಲ್ಲಿ ಪ್ರಸನ್ನ 1962ರಲ್ಲೇ ಭಾರತದ ಪರ ಆಡಿದರೂ, ಆಮೇಲೆ ಮೈಸೂರಿನಲ್ಲಿ ಎಂಜಿನಿಯರಿಂಗ್ ಓದು ಮುಗಿಸಲು ಕೆಲವು ವರ್ಷ ಟೆಸ್ಟ್ ಕ್ರಿಕೆಟ್‌ನಿಂದ ದೂರ ಉಳಿದರು. ಇವತ್ತು ಯಾರಾದರೂ ಹಾಗೆ ಮಾಡಿದರೆ ಮನೆಯವರೇ ಬೈದಾರು! ಇನ್ನು ಬಿ.ಎಸ್. ಚಂದ್ರಶೇಖರ್ ಚೆಂಡು ಎಸೆಯುತ್ತಿದ್ದ ಬಲಗೈ ಬಾಲ್ಯದಲ್ಲೇ ಪೋಲಿಯೊಗೆ ತುತ್ತಾಗಿತ್ತು. ಭದ್ರಾವತಿಯ ಜಿ.ಆರ್. ವಿಶ್ವನಾಥ್ ಕುಳ್ಳಗಿನ ಹುಡುಗ. 1967ರಲ್ಲಿ ಆಂಧ್ರದ ವಿರುದ್ಧ ಮೊದಲ ರಣಜಿ ಪಂದ್ಯದಲ್ಲೇ 230 ಹೊಡೆದರು. ಇವರನ್ನೆಲ್ಲ ಬೇರೆ ರಾಜ್ಯದಿಂದ ಕರೆತಂದದ್ದಲ್ಲ. ಇಲ್ಲಿಯವರೇ ಬೆಳೆದರು.

ಅವರ ಪ್ರತಿಭೆಗೆಲ್ಲ ಚಿನ್ನಸ್ವಾಮಿಯವರೇ ಕಾರಣ ಎಂದು ಬರೆದರೆ ಅದು ಸುಳ್ಳಾಗುತ್ತದೆ. ಕಾರ್ಯದರ್ಶಿಯೊಬ್ಬರು ಚಂದ್ರಶೇಖರ್ ಅವರ ಗೂಗ್ಲಿಯನ್ನು ತಯಾರಿಸಲಾರರು. ಆದರೆ ಆ ಗೂಗ್ಲಿ ಬೀಳಲು ಒಂದು ಪಿಚ್ ಬೇಕಲ್ಲ. ಸರ್ಕಾರದಿಂದ ಜಾಗವನ್ನು ಗುತ್ತಿಗೆಗೆ ಪಡೆದು, ಕಬ್ಬನ್ ಪಾರ್ಕಿನ ಪಕ್ಕ, ನಗರದ ನಟ್ಟನಡುವೆ ಸಂಸ್ಥೆಯದ್ದೇ ಕ್ರೀಡಾಂಗಣ ಕಟ್ಟುವ ಕೆಲಸಕ್ಕೆ ಅವರು ಬೆನ್ನುಬಿದ್ದರು. 1970ರ ಮೇ ತಿಂಗಳಲ್ಲಿ ಶಂಕುಸ್ಥಾಪನೆ ಆಯಿತು. ಚಿನ್ನಸ್ವಾಮಿಯವರಿಗೆ ಆಗ 70. 1972-73ರಲ್ಲಿ ಅಲ್ಲಿ ಪ್ರಥಮ ದರ್ಜೆ ಪಂದ್ಯಗಳು ಶುರುವಾದವು. ಕಟ್ಟಡ ಪೂರ್ತಿ ಮುಗಿಯಲಿ ಎಂದು ಯಾರೂ ಕಾಯಲಿಲ್ಲ.

1974ರಲ್ಲಿ ರಣಜಿ ಸೆಮಿಫೈನಲ್ ಆಡಲು ಬಾಂಬೆ ಬಂದದ್ದು ಈ ಮೈದಾನಕ್ಕೇ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದು ಕೆಲವೇ ತಿಂಗಳಾಗಿತ್ತು. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಬಾಂಬೆಯ ಸರದಿ ಬಂದಾಗ ಕ್ಯಾಪ್ಟನ್ ಪ್ರಸನ್ನ ಸುನಿಲ್ ಗಾವಸ್ಕರ್ ಅವರನ್ನು ಬೌಲ್ಡ್ ಮಾಡಿದರು. ಚೆನ್ನಾಗಿ ಆಡುತ್ತಿದ್ದ ಅಜಿತ್ ವಾಡೇಕರ್ ರನೌಟ್ ಆದರು. ಮೊದಲ ಇನಿಂಗ್ಸ್‌ನ ಮುನ್ನಡೆಯ ಮೇಲೆ ಕರ್ನಾಟಕ ಫೈನಲ್‌ಗೆ ಹೋಯಿತು. 15 ವರ್ಷದ ಕೋಟೆ ಬಿದ್ದದ್ದು ಹೀಗೆ. ಫೈನಲ್‌ನಲ್ಲಿ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಸಲ ಟ್ರೋಫಿ ತಂದರು. ಅದೇ ವರ್ಷದ ನವೆಂಬರ್‌ನಲ್ಲಿ ವೆಸ್ಟ್ ಇಂಡೀಸ್ ಇಲ್ಲಿ ಮೊದಲ ಟೆಸ್ಟ್ ಆಡಿತು. ಗಾರ್ಡನ್ ಗ್ರಿನಿಜ್ ಮತ್ತು ವಿವಿಯನ್ ರಿಚರ್ಡ್ಸ್ ಇಬ್ಬರಿಗೂ ಅದೇ ಚೊಚ್ಚಲ ಟೆಸ್ಟ್. ಭಾರತ ಸೋತಿತು ಬಿಡಿ, ಆದರೆ ಬೆಂಗಳೂರು ಟೆಸ್ಟ್ ಊರಾಯಿತು.

ನನ್ನನ್ನು ಹೆಚ್ಚು ಹಿಡಿದದ್ದು ಇದರ ನಂತರದ ಕತೆ. 1977-78ರಲ್ಲಿ ಮತ್ತೆ ರಣಜಿ, 1982-83ರಲ್ಲಿ ಮತ್ತೆ. ಈ ನಡುವೆ 1977ರಿಂದ 1980ರವರೆಗೆ ಚಿನ್ನಸ್ವಾಮಿ ಭಾರತೀಯ ಕ್ರಿಕೆಟ್ ಮಂಡಳಿಯ ಅಧ್ಯಕ್ಷರಾಗಿದ್ದರು. 1984ರಲ್ಲಿ ಇದೇ ಕ್ರೀಡಾಂಗಣದ ಬೇಸಿಗೆ ಶಿಬಿರಕ್ಕೆ ಬಂದ ಒಬ್ಬ ಶಾಲಾ ಹುಡುಗನನ್ನು ಕೋಚ್ ಕೆಕಿ ತಾರಾಪೋರ್ ಗುರುತಿಸಿದರು. ಆ ಹುಡುಗ ರಾಹುಲ್ ದ್ರಾವಿಡ್. ಚಿನ್ನಸ್ವಾಮಿ 1991ರ ನವೆಂಬರ್‌ನಲ್ಲಿ ತೀರಿಕೊಂಡರು. 1995-96, 1997-98, 1998-99ರ ರಣಜಿ ಗೆಲುವುಗಳನ್ನು ಅವರು ನೋಡಲಿಲ್ಲ.

ಇಂಥವರು ಬೇರೆ ಕಡೆಯೂ ಇದ್ದರೇ ಎಂದು ಹುಡುಕುತ್ತಿದ್ದಾಗ ಅಮೆರಿಕದ ಬೇಸ್‌ಬಾಲ್‌ನ ಬ್ರಾಂಚ್ ರಿಕಿ ಸಿಕ್ಕರು. ಅವರೂ ಕಾನೂನು ಓದಿದವರೇ. ಆಟಗಾರರಾಗಿ ಅಷ್ಟಕ್ಕಷ್ಟೇ. ಸೇಂಟ್ ಲೂಯಿಸ್ ತಂಡದ ಹೊಣೆ ಹೊತ್ತಾಗ ಒಳ್ಳೆಯ ಆಟಗಾರರನ್ನು ಕೊಳ್ಳಲು ದುಡ್ಡಿರಲಿಲ್ಲ. ಸಣ್ಣ ಊರುಗಳ ತಂಡಗಳನ್ನು ತಮ್ಮ ಹತೋಟಿಗೆ ತೆಗೆದುಕೊಂಡು, ಅಲ್ಲಿ ಹುಡುಗರನ್ನು ಸಸಿಮಡಿಯಲ್ಲಿ ಪೈರು ಬೆಳೆಸಿದ ಹಾಗೆ ಬೆಳೆಸಿದರು. 1926ರಲ್ಲಿ ಆ ತಂಡ ಅಮೆರಿಕದ ಚಾಂಪಿಯನ್ ಆಯಿತು. ಕಪ್ಪು ವರ್ಣದವರನ್ನು ದೊಡ್ಡ ಲೀಗಿಗೆ ಸೇರಿಸದಿದ್ದ ಕಾಲದಲ್ಲಿ, 1947ರಲ್ಲಿ ಬ್ರೂಕ್ಲಿನ್ ತಂಡದಲ್ಲಿ ಜಾಕಿ ರಾಬಿನ್ಸನ್‌ಗೆ ಜಾಗ ಕೊಟ್ಟವರೂ ಇವರೇ. ಕೊನೆಗೆ ಹೋದದ್ದು ಪಿಟ್ಸ್‌ಬರ್ಗ್‌ಗೆ. ಅಲ್ಲಿ 1952ರಲ್ಲಿ 154 ಪಂದ್ಯಗಳಲ್ಲಿ 112 ಸೋಲು! ಜನ ನಕ್ಕರು. 1955ರಲ್ಲಿ ರಿಕಿ ಆ ಜವಾಬ್ದಾರಿ ಬಿಟ್ಟರು. 1960ರಲ್ಲಿ, ಅವರ ಕಾಲದಲ್ಲಿ ಸೇರಿದ್ದ ರಾಬರ್ಟೊ ಕ್ಲೆಮೆಂಟೆ ಅಂಥವರು ಇದ್ದ ತಂಡ ಚಾಂಪಿಯನ್ ಆಯಿತು.

ಇಬ್ಬರನ್ನೂ ದೇವರು ಮಾಡುವುದು ಬೇಡ. ರಿಕಿಯ ಸಣ್ಣ ತಂಡಗಳಲ್ಲಿ ಎಷ್ಟೋ ಹುಡುಗರು ಕಡಿಮೆ ಸಂಬಳಕ್ಕೆ ವರ್ಷಗಟ್ಟಲೆ ಸಿಕ್ಕಿಬಿದ್ದಿದ್ದರು. ಒಬ್ಬರೇ ಒಂದು ಸಂಸ್ಥೆಯಲ್ಲಿ 37 ವರ್ಷ ಮುಂದಾಳಾಗಿದ್ದರೆ ಉಳಿದವರಿಗೆ ಅವಕಾಶ ಯಾವಾಗ ಎಂದು ನಮ್ಮ ವಯಸ್ಸಿನವರು ಕೇಳಿದರೆ ತಪ್ಪಿಲ್ಲ, ನಾನೂ ಕೇಳಿಕೊಂಡೆ. ಆದರೆ ಜಾಗ ಕೈಗೆ ಬರಲು, ಅಲ್ಲಿ ಹುಲ್ಲು ಹುಟ್ಟಲು, ಆ ಹುಲ್ಲಿನ ಮೇಲೆ ಆಡಿದ ಹುಡುಗ ದೊಡ್ಡವನಾಗಲು ಎಷ್ಟು ವರ್ಷ ಬೇಕೋ ಅಷ್ಟು ಬೇಕೇ ಬೇಕು.

ಈಗ ನನ್ನ ತಂಡದ ವಿಷಯ. ಎರಡು ವರ್ಷದ ಹಿಂದೆ ಒಂದು ಟೆನಿಸ್ ಬಾಲ್ ಟೂರ್ನಿಗೆ ಕಪ್ಪಿನ ಜತೆ ನಗದು ಬಹುಮಾನ ಇತ್ತು. ಆಸೆಗೆ ಬಿದ್ದು ಚಂದಾ ಎತ್ತಿ, ಹೊರಗಿನಿಂದ ನಾಲ್ವರು ಆಟಗಾರರನ್ನು ದುಡ್ಡು ಕೊಟ್ಟು ಕರೆಸಿದೆ. ವರ್ಷವಿಡೀ ನೆಟ್ಟಗೆ ಪ್ರಾಕ್ಟೀಸಿಗೆ ಬಂದ ನಮ್ಮ ನಾಲ್ವರು ಹುಡುಗರು ಹೊರಗೆ ಕೂತು ನೀರು ಕೊಟ್ಟರು. ಎರಡನೇ ಸುತ್ತಿನಲ್ಲೇ ಸೋತೆವು. ಬಂದವರು ದುಡ್ಡು ತೆಗೆದುಕೊಂಡು ಹೋದರು. ಮುಂದಿನ ಭಾನುವಾರ ನಮ್ಮ ಆ ನಾಲ್ವರೂ ಬರಲಿಲ್ಲ, ಅವರ ಜತೆಗಾರರೂ ಬರಲಿಲ್ಲ. ಒಂದು ವರ್ಷ ತಂಡವೇ ಇರಲಿಲ್ಲ. ಹಾಗಿದ್ದೂ ರೆಸ್ಯೂಮೆಯಲ್ಲಿ ಕ್ಯಾಪ್ಟನ್ ಅಂತ ಬರೆದುಕೊಂಡಿದ್ದೆ ನೋಡಿ!

ಈ ಸಂಕ್ರಾಂತಿ ಕಳೆದ ಮೇಲೆ ಆ ನಾಲ್ವರ ಮನೆಗೂ ಹೋದೆ. ಒಬ್ಬ ಮಾತಾಡಲೇ ಇಲ್ಲ. ಒಬ್ಬ ಗಾರೆ ಕೆಲಸಕ್ಕೆ ಸೇರಿಕೊಂಡಿದ್ದಾನೆ, ಭಾನುವಾರವೂ ಬಿಡುವಿಲ್ಲ. ಇಬ್ಬರು ಬಂದರು. ಅವರ ಜತೆ ಹೈಸ್ಕೂಲಿನ ಒಂಬತ್ತು ಹುಡುಗರು ಸೇರಿದರು. ರಾಗಿ ಕಟಾವಾದ ಹೊಲವೊಂದರಲ್ಲಿ ಕೂಳೆ ಕಿತ್ತು, ನೀರು ಚಿಮುಕಿಸಿ, ಡ್ರಮ್ ಉರುಳಿಸಿ ಪಿಚ್ ಮಾಡಿದೆವು. ಹೊರಗಿನವರನ್ನು ಕರೆಸುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟಿದ್ದೇನೆ. ಇದುವರೆಗೆ ಆರು ಪಂದ್ಯ ಆಡಿ ಐದು ಸೋತಿದ್ದೇವೆ. ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಒಂದೇ ಓವರಿಗೆ 24 ಕೊಟ್ಟು ಅಳುತ್ತ ಕೂತ. ಮುಂದಿನ ಪಂದ್ಯದಲ್ಲೂ ಅವನಿಗೇ ಬಾಲ್ ಕೊಟ್ಟೆ, 19 ಕೊಟ್ಟ.

ನನಗಿನ್ನೂ ಕೆಲಸ ಸಿಕ್ಕಿಲ್ಲ. ಮುಂದಿನ ಮಂಗಳವಾರ ಮತ್ತೊಂದು ಸಂದರ್ಶನ ಇದೆ. ಮಳೆ ಬಿದ್ದರೆ ಹೊಲದವರು ಉಳುತ್ತಾರೆ, ಅಷ್ಟರಲ್ಲಿ ಹುಡುಗರಿಗೆ ಬೇರೆ ಜಾಗ ನೋಡಬೇಕು. ಪಂಚಾಯಿತಿಗೆ ಕೊಡಲು ಅರ್ಜಿಯೊಂದನ್ನು ಬರೆದಿಟ್ಟಿದ್ದೇನೆ. ಎಲ್ಲ ಹುಡುಗರ ಸಹಿ ಆಗಿದೆ, ಗಾರೆ ಕೆಲಸದ ಹುಡುಗನದ್ದೊಂದು ಬಾಕಿ. ಅವನು ರಾತ್ರಿ ಎಂಟರ ಮೇಲೆ ಮನೆಗೆ ಬರುತ್ತಾನಂತೆ.