ಆರ್ನೆ ಯಾಕೊಬ್‌ಸೆನ್

ಆರ್ನೆ ಯಾಕೊಬ್‌ಸೆನ್ (11 ಫೆಬ್ರವರಿ 1902 – 24 ಮಾರ್ಚ್ 1971) ಡೆನ್ಮಾರ್ಕ್ ದೇಶದ ಪ್ರಸಿದ್ಧ ವಾಸ್ತುಶಿಲ್ಪಿ ಹಾಗೂ ಪೀಠೋಪಕರಣ ವಿನ್ಯಾಸಕರು. ಇರುವೆ, ಮೊಟ್ಟೆ ಮತ್ತು ಹಂಸ ಎಂಬ ಹೆಸರಿನ ಕುರ್ಚಿಗಳಿಂದ ಅವರು ಜಗತ್ತಿನಾದ್ಯಂತ ಪರಿಚಿತರು. ಕಟ್ಟಡ, ಒಳಾಂಗಣ ಮತ್ತು ಉದ್ಯಾನಗಳನ್ನು ಒಂದೇ ವಿನ್ಯಾಸದ ಭಾಗಗಳೆಂದು ಪರಿಗಣಿಸಿದ್ದು ಅವರ ವೈಶಿಷ್ಟ್ಯ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಚರ್ವೆಲ್ ನದಿಯ ಬಳಿ ಇರುವ ಸೇಂಟ್ ಕ್ಯಾಥರಿನ್ಸ್ ಕಾಲೇಜು ಇದಕ್ಕೆ ಪ್ರಮುಖ ನಿದರ್ಶನವಾಗಿದೆ.

ಆರಂಭಿಕ ಜೀವನ

ಯಾಕೊಬ್‌ಸೆನ್ ಕೋಪನ್‌ಹೇಗನ್‌ನ ಯಹೂದಿ ಕುಟುಂಬದಲ್ಲಿ ಜನಿಸಿದರು. ಚಿತ್ರಕಾರನಾಗಬೇಕೆಂಬ ಆಸೆ ಇದ್ದರೂ ತಂದೆಯ ಸಲಹೆಯಂತೆ ವಾಸ್ತುಶಿಲ್ಪವನ್ನು ಆರಿಸಿಕೊಂಡು, ರಾಯಲ್ ಡ್ಯಾನಿಶ್ ಲಲಿತಕಲಾ ಅಕಾಡೆಮಿಯಲ್ಲಿ 1927ರಲ್ಲಿ ಪದವಿ ಪಡೆದರು. ವಿದ್ಯಾರ್ಥಿಯಾಗಿದ್ದಾಗಲೇ, 1925ರ ಪ್ಯಾರಿಸ್ ಪ್ರದರ್ಶನದಲ್ಲಿ ಅವರ ಕುರ್ಚಿಗೆ ಬೆಳ್ಳಿ ಪದಕ ದೊರೆಯಿತು. 1930ರ ದಶಕದಲ್ಲಿ ಕೋಪನ್‌ಹೇಗನ್‌ನ ಉತ್ತರಕ್ಕಿರುವ ಕಡಲತೀರದಲ್ಲಿ ಬೆಲ್ಲಾವಿಸ್ತಾ ವಸತಿ ಸಮುಚ್ಚಯ ಮತ್ತು ಬೆಲ್‌ವ್ಯೂ ರಂಗಮಂದಿರವನ್ನು ನಿರ್ಮಿಸಿದರು.

1943ರಲ್ಲಿ ನಾಜಿಗಳು ಡೆನ್ಮಾರ್ಕಿನ ಯಹೂದಿಗಳನ್ನು ಬಂಧಿಸಲು ಮುಂದಾದಾಗ, ಅವರು ಸಣ್ಣ ದೋಣಿಯಲ್ಲಿ ಜಲಸಂಧಿಯನ್ನು ದಾಟಿ ಸ್ವೀಡನ್ ಸೇರಿದರು. ಕಟ್ಟಡದ ಕೆಲಸ ವಿರಳವಾಗಿದ್ದ ಅಲ್ಲಿ, ಪತ್ನಿ ಯೊನ್ನಾ ಅವರೊಂದಿಗೆ ಬಟ್ಟೆ ಮತ್ತು ಗೋಡೆ ಕಾಗದಗಳಿಗೆ ಗಿಡ, ಎಲೆ, ಹೂವುಗಳ ವಿನ್ಯಾಸ ರಚಿಸಿದರು. 1945ರಲ್ಲಿ ತಾಯ್ನಾಡಿಗೆ ಮರಳಿದರು. ಸಸ್ಯಗಳ ಮೇಲಿನ ಈ ಒಲವು ಮುಂದಿನ ಕಟ್ಟಡಗಳಲ್ಲೂ ಕಾಣಿಸಿಕೊಂಡಿತು.

ಮುಂಕೆಗೋರ್ ಶಾಲೆ

1950ರ ದಶಕದಲ್ಲಿ ಕೋಪನ್‌ಹೇಗನ್ ಸಮೀಪದ ಗೆಂಟಾಫ್ಟ್‌ನಲ್ಲಿ ಮುಂಕೆಗೋರ್ ಶಾಲೆಯನ್ನು ನಿರ್ಮಿಸಿದರು. ಒಂದೇ ದೊಡ್ಡ ಕಟ್ಟಡದ ಬದಲು, ತಗ್ಗಾದ ತರಗತಿ ಕೋಣೆಗಳ ನಡುವೆ ಹಲವು ತೆರೆದ ಅಂಗಳಗಳನ್ನು ಇಲ್ಲಿ ಜೋಡಿಸಲಾಗಿದೆ. ಪ್ರತಿ ಅಂಗಳದ ನೆಲಹಾಸು ಮತ್ತು ಗಿಡಗಳು ಬೇರೆ ಬೇರೆ. ದೀಪ, ಪರದೆ, ಮೇಜು, ಕುರ್ಚಿಗಳನ್ನೂ ಅವರೇ ವಿನ್ಯಾಸಗೊಳಿಸಿದರು.

ಸೇಂಟ್ ಕ್ಯಾಥರಿನ್ಸ್ ಕಾಲೇಜು

ಆಕ್ಸ್‌ಫರ್ಡ್‌ನ ಕಾಲೇಜುಗಳಲ್ಲಿ ವಾಸಿಸುವ ವೆಚ್ಚ ಭರಿಸಲಾಗದ ವಿದ್ಯಾರ್ಥಿಗಳಿಗಾಗಿ 1868ರಲ್ಲಿ ಆರಂಭವಾದ ವ್ಯವಸ್ಥೆಯೇ ಈ ಕಾಲೇಜಿನ ಮೂಲ. ಸಂಸ್ಥೆಯನ್ನು ಪೂರ್ಣ ಪ್ರಮಾಣದ ಕಾಲೇಜಾಗಿ ಬೆಳೆಸಿದ ಇತಿಹಾಸಕಾರ ಅಲನ್ ಬುಲಕ್ ಅವರು ಮುಂಕೆಗೋರ್ ಶಾಲೆಯನ್ನು ಕಂಡು ಮೆಚ್ಚಿದ್ದರು. ವಿದೇಶಿಯೊಬ್ಬರಿಗೆ ಈ ಕೆಲಸ ವಹಿಸಿದ್ದನ್ನು ಬ್ರಿಟನ್ನಿನ ಕೆಲವು ವಾಸ್ತುಶಿಲ್ಪಿಗಳು ಆಕ್ಷೇಪಿಸಿದರು. 1960ರಲ್ಲಿ ರಾಣಿ ಎರಡನೇ ಎಲಿಜಬೆತ್ ಶಂಕುಸ್ಥಾಪನೆ ನೆರವೇರಿಸಿದರು. 1962ರಲ್ಲಿ ವಿದ್ಯಾರ್ಥಿಗಳು ಪ್ರವೇಶ ಪಡೆದರು. 1964ರಲ್ಲಿ ಅಧಿಕೃತ ಉದ್ಘಾಟನೆಯಾಯಿತು.

ನಿವೇಶನವು ನದಿಯ ಪಕ್ಕದ ಸಮತಟ್ಟಾದ ಹುಲ್ಲುಗಾವಲಾಗಿತ್ತು. ಹಳೆಯ ಕಾಲೇಜುಗಳಂತೆ ನಾಲ್ಕೂ ಕಡೆ ಮುಚ್ಚಿದ ಚೌಕವನ್ನು ಕಟ್ಟದೆ, ಯಾಕೊಬ್‌ಸೆನ್ ಅದರ ಮೂಲೆಗಳನ್ನು ತೆರೆದಿಟ್ಟರು. ಇದರಿಂದ ಸುತ್ತಲಿನ ಹಸಿರು ಅಂಗಳದೊಳಗಿನಿಂದಲೂ ಕಾಣುತ್ತದೆ. ಮೂರು ಅಂತಸ್ತಿನ ಎರಡು ನೀಳ ವಸತಿ ಸಾಲುಗಳು ಸಮಾನಾಂತರವಾಗಿ ನಿಂತಿವೆ. ಅವುಗಳ ನಡುವೆ ಊಟದ ಸಭಾಂಗಣ, ಗ್ರಂಥಾಲಯ ಮತ್ತು ಉಪನ್ಯಾಸ ಮಂದಿರಗಳಿವೆ. ಪಶ್ಚಿಮ ಬದಿಯ ಉದ್ದನೆಯ ಕೊಳದಲ್ಲಿ ಗಾಜಿನ ಗೋಡೆಗಳು ಪ್ರತಿಫಲಿಸುತ್ತವೆ. ಅಂಗಳದ ವೃತ್ತಾಕಾರದ ಹುಲ್ಲುಹಾಸಿನಲ್ಲಿ ಸೀಡರ್ ಮರವನ್ನು ಕೇಂದ್ರದಿಂದ ಸ್ವಲ್ಪ ಸರಿಸಿ ನೆಡಲಾಗಿದೆ. ಇಟ್ಟಿಗೆಯ ಗಿಡ್ಡ ಗೋಡೆಗಳು ಮತ್ತು ಯೂ ಗಿಡದ ಬೇಲಿಗಳು ಕಟ್ಟಡದ ಸರಳರೇಖೆಗಳನ್ನು ತೋಟದವರೆಗೂ ವಿಸ್ತರಿಸುತ್ತವೆ. ಸಭಾಂಗಣದ ಎತ್ತರ ಬೆನ್ನಿನ ಕುರ್ಚಿಗಳೂ ಅವರ ವಿನ್ಯಾಸವೇ.

ಟೀಕೆ ಮತ್ತು ಮನ್ನಣೆ

ವಾಸ್ತುಶಿಲ್ಪ ಇತಿಹಾಸಕಾರ ನಿಕೋಲಾಸ್ ಪೆವ್ಸ್‌ನರ್ ಈ ಕಾಲೇಜನ್ನು ಬಹುವಾಗಿ ಪ್ರಶಂಸಿಸಿದರು. ಆದರೆ ಹೊರಗಿನ ನೋಟವನ್ನು ಒಳತಂದ ದೊಡ್ಡ ಗಾಜುಗಳೇ ಕೋಣೆಗಳ ಖಾಸಗಿತನವನ್ನು ಕಡಿಮೆ ಮಾಡಿದವು ಎಂಬ ಟೀಕೆಯೂ ಇದೆ. 1993ರಲ್ಲಿ ಕಾಲೇಜಿನ ಮೂಲ ಕಟ್ಟಡಗಳನ್ನು ಪ್ರಥಮ ದರ್ಜೆಯ ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸಲಾಯಿತು. 2023ರಲ್ಲಿ ಹಗುರ ಕಾಂಕ್ರೀಟಿನ ಸುರಕ್ಷತೆಯ ಪ್ರಶ್ನೆ ಎದ್ದು, ಕೆಲವು ಭಾಗಗಳನ್ನು ಮುಚ್ಚಬೇಕಾಯಿತು.

ನಿಧನ

ಯಾಕೊಬ್‌ಸೆನ್ 1971ರಲ್ಲಿ ಕೋಪನ್‌ಹೇಗನ್‌ನಲ್ಲಿ ನಿಧನರಾದರು. ಆಗ ನಿರ್ಮಾಣದಲ್ಲಿದ್ದ ಡೆನ್ಮಾರ್ಕ್ ರಾಷ್ಟ್ರೀಯ ಬ್ಯಾಂಕಿನ ಕಟ್ಟಡವನ್ನು ಅವರ ಸಹೋದ್ಯೋಗಿಗಳಾದ ಹಾನ್ಸ್ ಡಿಸಿಂಗ್ ಮತ್ತು ಒಟ್ಟೊ ವೈಟ್‌ಲಿಂಗ್ 1978ರಲ್ಲಿ ಪೂರ್ಣಗೊಳಿಸಿದರು.